ಬಸ್ ಸೀಟಿಗೆ ಹಾಕಿದ ಟವೆಲ್

ನಮ್ಮಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ ಇರುತ್ತಿತ್ತು. ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ತೀರ್ಥಹಳ್ಳಿ ಬಸ್ಸು ಬರುತ್ತಿದ್ದ ಹಾಗೆಯೇ ಅಪ್ಪ ಓಡಿ ಹೋಗಿ, ಕಿಟಕಿಯಿಂದ ಆ ಟವೆಲನ್ನು ಒಂದು ಸೀಟಿನ ಮೇಲೆ ಹಾಕುತ್ತಿದ್ದರು. ಆಮೇಲೆ ಎಷ್ಟೇ ಜನ ನುಗ್ಗಲಿ, ಆ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಕುಂಟುತ್ತಾ ಹತ್ತಿ, ಒಂದು ಮಗ್ಗುಲಿಗೆ ವಾಲಿಕೊಂಡು ಕೂರುತ್ತಿದ್ದೆ. ಇನ್ನೊಂದು ಮಗ್ಗುಲಲ್ಲಿ ಪೆನಿಡ್ಯೂರ್ ಅನ್ನುವ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿಸಿಕೊಂಡ ನೋವು.

ಇದು ಶುರುವಾಗಿದ್ದು 1992ರಲ್ಲಿ. ನನಗೆ ಆಗ ಹನ್ನೊಂದು ವರ್ಷ. ಮಳೆಗಾಲದಲ್ಲಿ ನಾಲ್ಕು ದಿನ ಗಂಟಲು ನೋವು ಬಂತು. ಅಮ್ಮ ಕಾಳುಮೆಣಸಿನ ಕಷಾಯ ಮಾಡಿಕೊಟ್ಟಳು, ವಾಸಿಯಾಯಿತು. ಎಲ್ಲರೂ ಮರೆತೂಬಿಟ್ಟೆವು. ಎರಡು ಮೂರು ವಾರ ಕಳೆದ ಮೇಲೆ ಬಲಮಂಡಿ ಊದಿಕೊಂಡಿತು. ಅದು ಇಳಿಯುವಷ್ಟರಲ್ಲಿ ಎಡಗಾಲಿನ ಹರಡು ಊದಿತು. ಜ್ವರ. ಮಗ್ಗುಲು ಬದಲಿಸಿದರೂ ಕಿರುಚುತ್ತಿದ್ದೆನಂತೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ರಕ್ತ ಪರೀಕ್ಷೆ, ಇಸಿಜಿ, ಎಕೋ ಎಲ್ಲ ಆಗಿ, ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದರು: ರುಮ್ಯಾಟಿಕ್ ಜ್ವರ, ಹೃದಯದ ಒಂದು ಕವಾಟ ಸ್ವಲ್ಪ ಸೋರುತ್ತಿದೆ.

ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಒಂದು ಹಳೆಯ ಮಾತಿದೆ. ಗಂಟಲಿಗೆ ಬಂದದ್ದು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಅನ್ನುವ ಬ್ಯಾಕ್ಟೀರಿಯಾ. ಅದರ ಮೈಮೇಲಿನ ಒಂದು ಪ್ರೋಟೀನು ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತದೆ. ಬ್ಯಾಕ್ಟೀರಿಯಾ ಮೇಲೆ ಯುದ್ಧಕ್ಕೆ ಹೊರಟ ದೇಹ ಗುರುತು ತಪ್ಪಿ ಸ್ವಂತ ಹೃದಯದ ಮೇಲೇ ಬೀಳುತ್ತದೆ. ಪ್ರತಿ ಸಲ ಗಂಟಲಿಗೆ ಅದೇ ಬ್ಯಾಕ್ಟೀರಿಯಾ ಬಂದಾಗಲೂ ಕವಾಟ ಇನ್ನಷ್ಟು ಹಾಳಾಗಬಹುದು. ಅದಕ್ಕೇ 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್ ಪೆನಿಸಿಲಿನ್. ಹಾಲಿನಂತೆ ಬೆಳ್ಳಗಿರುವ, ಮಂದವಾದ ಔಷಧಿ ಅದು. ಒಮ್ಮೊಮ್ಮೆ ಸೂಜಿಯಲ್ಲೇ ಕಟ್ಟಿಕೊಂಡು ಬಿಡುತ್ತಿತ್ತು, ಮತ್ತೆ ಚುಚ್ಚಬೇಕಿತ್ತು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಡುತ್ತಿದ್ದರು. 25 ವರ್ಷ ತುಂಬುವವರೆಗೆ ತೆಗೆದುಕೊಂಡೆ. ಲೆಕ್ಕ ಹಾಕಿದರೆ ಸುಮಾರು 240 ಇಂಜೆಕ್ಷನ್.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೆಲವು ವರ್ಷಗಳ ಹಿಂದೆ ನನಗೆ ಜಾನ್ ಟ್ಯಾಗ್ ಅನ್ನುವವರ ಕಥೆ ಸಿಕ್ಕಿತು. ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಸೂಕ್ಷ್ಮಜೀವಿಗಳ ಅಧ್ಯಾಯಕ್ಕೆ ಏನೋ ಹುಡುಕುತ್ತಿದ್ದಾಗ ಕಣ್ಣಿಗೆ ಬಿತ್ತು. ಅವರು ನ್ಯೂಜಿಲೆಂಡಿನ ಡನೀಡನ್ ಊರಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದವರು. ಚಿಕ್ಕ ಹುಡುಗನಾಗಿದ್ದಾಗ ಅವರಿಗೂ ರುಮ್ಯಾಟಿಕ್ ಜ್ವರ ಬಂದಿತ್ತು. ಅವರೂ ವರ್ಷಗಟ್ಟಲೆ ಪೆನಿಸಿಲಿನ್ ತೆಗೆದುಕೊಂಡಿದ್ದರು. ಅದನ್ನು ಓದಿದಾಗ ನನಗೆ ಸ್ಟಾಫ್ ರೂಮಿನಲ್ಲೇ ಕಣ್ಣು ತುಂಬಿ ಬಂತು. ಭೂಮಿಯ ಆ ತುದಿಯಲ್ಲಿ ಇನ್ನೊಂದು ಮಗು, ಅದೇ ಜ್ವರ, ಅದೇ ಔಷಧಿ. ಆ ಮಗು ದೊಡ್ಡದಾಗಿ ತನ್ನ ಜೀವನವನ್ನೇ ಆ ಬ್ಯಾಕ್ಟೀರಿಯಾದ ಹಿಂದೆ ಕಳೆಯಿತು.

ಟ್ಯಾಗ್ ಅವರ ಪ್ರಶ್ನೆ ಬಹಳ ಸರಳ. ಒಂದೇ ಶಾಲೆ, ಒಂದೇ ಬೆಂಚು. ಒಂದು ಮಗುವಿಗೆ ವರ್ಷಕ್ಕೆ ಮೂರು ಸಲ ಗಂಟಲು ಹುಣ್ಣಾಗುತ್ತದೆ, ಪಕ್ಕದ ಮಗುವಿಗೆ ಏನೂ ಆಗುವುದಿಲ್ಲ. ಪಕ್ಕದ ಮಗುವಿನ ಬಾಯಲ್ಲಿ ಏನಿದೆ?

ಅದನ್ನು ಪರೀಕ್ಷೆ ಮಾಡಿದ ರೀತಿಯನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ, ಅಷ್ಟು ಚೆಂದ ಅದು. ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಜೆಲ್ಲಿ) ತಟ್ಟೆಯ ನಡುವೆ, ಮಗುವಿನ ಬಾಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ಒಂದು ಪಟ್ಟೆಯಾಗಿ ಎಳೆಯುತ್ತಾರೆ. ಅದು ಬೆಳೆಯಲು ಬಿಡುತ್ತಾರೆ. ಬೆಳೆದ ಮೇಲೆ ಪೂರ್ತಿ ಕೆರೆದು ತೆಗೆದು, ಉಳಿದಿದ್ದನ್ನು ಕ್ಲೋರೊಫಾರ್ಮ್ ಆವಿಯಲ್ಲಿ ಸಾಯಿಸುತ್ತಾರೆ. ಈಗ ತಟ್ಟೆಯಲ್ಲಿ ಅದು ಇಲ್ಲ. ಆದರೆ ಅದು ಇದ್ದಾಗ ಉಗುಳಿದ ರಸ ಅಗರಿನೊಳಗೆ ಇಳಿದಿದೆ. ಆ ಜಾಗಕ್ಕೆ ಅಡ್ಡವಾಗಿ ಒಂಬತ್ತು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಗೆರೆ ಎಳೆಯುತ್ತಾರೆ. ಮಾರನೇ ದಿನ ನೋಡಿದರೆ, ಕೆಲವು ಗೆರೆಗಳು ಆ ಪಟ್ಟೆಯ ಹತ್ತಿರ ಬಂದು ಕಡಿದು ಹೋಗಿರುತ್ತವೆ. ಅಲ್ಲಿ ಏನೂ ಬೆಳೆದಿರುವುದಿಲ್ಲ.

ಗಂಟಲಿಗೆ ತೊಂದರೆಯಾಗದೆ ಆರೋಗ್ಯವಾಗಿದ್ದ ಡನೀಡನ್ನಿನ ಒಬ್ಬ ಶಾಲಾ ಮಗುವಿನ ಬಾಯಿಂದ ತೆಗೆದ ಬ್ಯಾಕ್ಟೀರಿಯಾ ಒಂಬತ್ತಕ್ಕೆ ಒಂಬತ್ತೂ ಗೆರೆಗಳನ್ನು ಕಡಿದಿತ್ತು. ಅದೇ ಇವತ್ತು ಕೆ12 ಅಂತ ಹೆಸರಾಗಿರುವ ತಳಿ. ಜಾತಿ ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್. ಹೊಸದೇನೂ ಅಲ್ಲ, ನಮ್ಮ ನಿಮ್ಮೆಲ್ಲರ ನಾಲಿಗೆಯ ಮೇಲೂ ಈ ಜಾತಿಯ ಬ್ಯಾಕ್ಟೀರಿಯಾ ಇದೆ. ಮಗು ಹುಟ್ಟಿದ ಒಂದೆರಡು ದಿನದಲ್ಲೇ ಬಂದು ಕೂರುವ ಮೊದಲ ಒಕ್ಕಲುಗಳಲ್ಲಿ ಅದೂ ಒಂದು. ಆದರೆ ಎಲ್ಲ ಸಲೈವೇರಿಯಸ್ಸಿಗೂ ಈ ಶಕ್ತಿ ಇರುವುದಿಲ್ಲ. ಕೆ12 ಎರಡು ರಸ ತಯಾರಿಸುತ್ತದೆ, ಸಲೈವರಿಸಿನ್ ಎ2 ಮತ್ತು ಸಲೈವರಿಸಿನ್ ಬಿ. ಈ ಬಗೆಯ ರಸಗಳಿಗೆ ಬ್ಯಾಕ್ಟೀರಿಯೋಸಿನ್ ಅಂತ ಹೆಸರು.

ಬ್ಯಾಕ್ಟೀರಿಯೋಸಿನ್ ಅಂದರೆ ಏನು ಅಂತ ಮಕ್ಕಳಿಗೆ ಹೇಳುವಾಗ ನಾನು ದಾಯಾದಿ ಜಗಳ ಅನ್ನುತ್ತೇನೆ. ತಕ್ಷಣ ಅರ್ಥವಾಗುತ್ತದೆ. ದೂರದವರ ಜೊತೆ ಯಾರು ಬೇಲಿ ಜಗಳ ಮಾಡುತ್ತಾರೆ? ಒಂದೇ ಜಾಗ, ಒಂದೇ ಊಟ ಬೇಕಾದ ಹತ್ತಿರದ ನಂಟರ ನಡುವೆಯೇ ಅಲ್ವಾ ಜಗಳ? ಇದೂ ಹಾಗೆ. ಈ ರಸ ಹೆಚ್ಚಾಗಿ ಹೊಡೆಯುವುದು ಹತ್ತಿರದ ಸಂಬಂಧಿಗಳನ್ನು. ನನ್ನ ಕವಾಟ ಕಚ್ಚಿದ ಪಯೋಜಿನಿಸ್ಸೂ ಸ್ಟ್ರೆಪ್ಟೊಕಾಕಸ್, ಅದನ್ನು ತಡೆಯುವ ಸಲೈವೇರಿಯಸ್ಸೂ ಸ್ಟ್ರೆಪ್ಟೊಕಾಕಸ್. ಪೆನಿಸಿಲಿನ್ನಿಗೆ ಈ ವಿವೇಚನೆ ಇಲ್ಲ. ನನ್ನ ಹದಿನಾಲ್ಕು ವರ್ಷಗಳಲ್ಲಿ ಅದು ನನ್ನನ್ನು ಕಾಪಾಡಿತು, ಅದರ ಋಣ ದೊಡ್ಡದು. ಆದರೆ ಅಷ್ಟೂ ವರ್ಷ ಅದು ನನ್ನ ಬಾಯಿಯ ಒಳ್ಳೆಯ ಒಕ್ಕಲುಗಳ ಮೇಲೂ ಬಿದ್ದಿರಬೇಕು.

ಇಲ್ಲಿ ನನಗೆ ಅಪ್ಪನ ಟವೆಲ್ ನೆನಪಾಗುತ್ತದೆ. ಬ್ಯಾಕ್ಟೀರಿಯಾ ಇಲ್ಲದ ಬಾಯಿ ಅನ್ನುವುದು ಇಲ್ಲವೇ ಇಲ್ಲ. ನಮ್ಮ ಬಾಯಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳ 700ರಷ್ಟು ಜಾತಿಗಳನ್ನು ಇದುವರೆಗೆ ಗುರುತಿಸಿದ್ದಾರೆ. ಖಾಲಿ ಸೀಟು ಕಂಡರೆ ಯಾರಾದರೂ ಬಂದು ಕೂತೇ ಕೂರುತ್ತಾರೆ. ಯಾರು ಮೊದಲು ಕೂತರು ಅನ್ನುವುದೇ ಮುಖ್ಯ.

ನನ್ನ ಮಗ ಪುಟ್ಟನಿಗೆ ಈಗ ಒಂಬತ್ತು ವರ್ಷ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವನಿಗೆ ನಾಲ್ಕು ಸಲ ಟಾನ್ಸಿಲ್ ಊದಿತು. ನಾಲ್ಕು ಸಲವೂ ಆಂಟಿಬಯೋಟಿಕ್. ಬೇರೆ ತಾಯಂದಿರಿಗೆ ಅದು ಬರೀ ಗಂಟಲು ನೋವು. ನನಗೆ ಹಾಗಲ್ಲ. ಅವನು ರಾತ್ರಿ ಎದ್ದು ನೀರು ನುಂಗುವಾಗ ಮುಖ ಕಿವುಚಿದರೆ ಸಾಕು, ಬೆಳಿಗ್ಗೆ ಎದ್ದವಳೇ ಅವನ ಮಂಡಿ ಮುಟ್ಟಿ ನೋಡುತ್ತಿದ್ದೆ. ಮಕ್ಕಳ ಡಾಕ್ಟರ ಹತ್ತಿರ, ಮಾತ್ರೆಯಾಗಿ ಸಿಗುವ ಕೆ12 ಬಗ್ಗೆ ಕೇಳಿದೆ. ಕೊಡಬಹುದು, ತೊಂದರೆ ಇಲ್ಲ, ಆದರೆ ಜ್ವರ ಗಂಟಲು ನೋವು ಬಂದರೆ ಮಾತ್ರೆ ನಂಬಿಕೊಂಡು ಮನೆಯಲ್ಲಿ ಕೂರಬೇಡಿ ಅಂದರು. ನನಗೂ ಆ ಮಾತೇ ಬೇಕಿತ್ತು. ಆಕ್ಲೆಂಡಿನಲ್ಲಿರುವ ನನ್ನ ತಮ್ಮ ರಜೆಗೆ ಬರುವಾಗ ನಾಲ್ಕು ಡಬ್ಬಿ ತಂದುಕೊಟ್ಟ. ಚೀಪುವ ಮಾತ್ರೆ. ಒಂದು ಮಾತ್ರೆಯಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಅಂತ ಡಬ್ಬಿಯ ಮೇಲೆ ಬರೆದಿದೆ. ಒಣಗಿಸಿ ಮಲಗಿಸಿಟ್ಟ ಬ್ಯಾಕ್ಟೀರಿಯಾ, ಎಂಜಲು ತಾಗಿದ ಮೇಲೆ ಏಳುತ್ತವೆ.

ಕೊಡುವ ರೀತಿಯಲ್ಲೂ ಸೀಟಿನ ಲೆಕ್ಕವೇ ಇದೆ. ರಾತ್ರಿ ಊಟ ಆಗಿ, ಹಲ್ಲುಜ್ಜಿ, ನಾಲಿಗೆ ಕೆರೆದು, ಆಮೇಲೆ ಮಾತ್ರೆ. ಕಚ್ಚುವ ಹಾಗಿಲ್ಲ, ನುಂಗುವ ಹಾಗಿಲ್ಲ, ನಿಧಾನಕ್ಕೆ ಕರಗಬೇಕು. ಮೇಲೆ ನೀರೂ ಕುಡಿಯುವಂತಿಲ್ಲ. ನಿದ್ದೆಯಲ್ಲಿ ಎಂಜಲು ಕಡಿಮೆ ಇಳಿಯುತ್ತದೆ, ಬ್ಯಾಕ್ಟೀರಿಯಾಗಳಿಗೆ ಕೂರಲು ಸಮಯ ಸಿಗುತ್ತದೆ. ಆಂಟಿಬಯೋಟಿಕ್ ನಡೆಯುತ್ತಿರುವಾಗ ಕೊಟ್ಟರೆ ಪ್ರಯೋಜನ ಕಡಿಮೆ, ಅದು ಇದನ್ನೂ ಕೊಲ್ಲುತ್ತದೆ. ಕೋರ್ಸು ಪೂರ್ತಿ ಮುಗಿಸಿದ ಮಾರನೇ ದಿನದಿಂದ ಶುರು ಮಾಡಿದೆ. ಅದೇ ಒಳ್ಳೆಯ ಸಮಯ, ಬಸ್ಸು ಖಾಲಿಯಾಗಿರುತ್ತದೆ.

ಬಾಯಿ ವಾಸನೆಯ ಮೇಲೆ 2006ರಲ್ಲಿ ಪ್ರಕಟವಾದ ಟ್ಯಾಗ್ ಅವರ ತಂಡದ ಪ್ರಯೋಗವೂ ಇದನ್ನೇ ಮಾಡಿತ್ತು. ಬಾಯಿ ವಾಸನೆ ಇದ್ದ 23 ಜನ. ಮೊದಲು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದರು. ಆಮೇಲೆ ಕೆಲವರಿಗೆ ಕೆ12 ಮಾತ್ರೆ, ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಬರೀ ಸಪ್ಪೆ ಮಾತ್ರೆ. ವಾರದ ನಂತರ ಉಸಿರಿನಲ್ಲಿನ ಗಂಧಕದ ಅನಿಲ ಅಳೆದರೆ, ಕೆ12 ತಿಂದವರಲ್ಲಿ 85 ಶೇಕಡಾ ಜನಕ್ಕೆ ಚೆನ್ನಾಗಿ ಇಳಿದಿತ್ತು. ಸಪ್ಪೆ ಮಾತ್ರೆಯವರಲ್ಲಿ 30 ಶೇಕಡಾ. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೆ ವಿಚಾರ ಸರಿಯಿದೆ. ಮೌತ್‌ವಾಶ್ ಬರೀ ಸೀಟು ಖಾಲಿ ಮಾಡುತ್ತದೆ. ಬಾಯಿ ವಾಸನೆ ಮುಚ್ಚಿಕೊಳ್ಳಲು ದಿನಾ ಎರಡು ಸಲ ಖಾರದ ಮೌತ್‌ವಾಶ್ ಹಾಕಿ ಮುಕ್ಕಳಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಂಜೆಯ ಹೊತ್ತಿಗೆ ಹಳಬರೇ ವಾಪಸ್ ಬಂದಿರುತ್ತಾರೆ.

ಹಲ್ಲಿನ ವಿಷಯ ಇನ್ನೂ ಸೊಗಸು. ಹುಳುಕು ಹಲ್ಲು ಅನ್ನುತ್ತೇವೆ, ಆದರೆ ಹುಳ ಯಾವುದೂ ಇಲ್ಲ. ಮುಖ್ಯ ಆರೋಪಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಹೌದು, ಇದೂ ಅದೇ ಕುಟುಂಬ. 1924ರಲ್ಲಿ ಕ್ಲಾರ್ಕ್ ಅನ್ನುವವರು ಲಂಡನ್ನಿನಲ್ಲಿ ಹುಳುಕು ಹಲ್ಲುಗಳಿಂದ ಅದನ್ನು ತೆಗೆದರು. ಕೆಲವೊಮ್ಮೆ ದುಂಡಗೆ, ಕೆಲವೊಮ್ಮೆ ಉದ್ದಗೆ ಕಂಡಿದ್ದಕ್ಕೆ ಮಾರ್ಪಾಡಾಗುವುದು ಅನ್ನುವ ಅರ್ಥದ ಈ ಹೆಸರಿಟ್ಟರು. ಸಕ್ಕರೆ ಸಿಕ್ಕರೆ ಇದು ಎರಡು ಕೆಲಸ ಮಾಡುತ್ತದೆ. ಅಂಟು ತಯಾರಿಸಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಆ ಅಂಟಿನ ಕೆಳಗೆ ಆಮ್ಲ ಬಿಡುತ್ತದೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗಲು ಶುರು.

ಟ್ಯಾಗ್ ಅವರ ತಂಡದ ಇನ್ನೊಂದು ಸಲೈವೇರಿಯಸ್ ತಳಿ ಎಂ18 ಈ ಎರಡಕ್ಕೂ ಉತ್ತರ ಇಟ್ಟುಕೊಂಡಿದೆ. ಮ್ಯೂಟನ್ಸನ್ನು ತಡೆಯುವ ರಸ ಒಂದು ಕಡೆ ಇರಲಿ. ಅದರ ಹತ್ತಿರ ಆ ಅಂಟನ್ನು ಕತ್ತರಿಸುವ ಕಿಣ್ವ ಇದೆ. ಎಂಜಲಿನಲ್ಲಿರುವ ಯೂರಿಯಾದಿಂದ ಅಮೋನಿಯಾ ಮಾಡಿ ಆಮ್ಲವನ್ನು ತಣ್ಣಗಾಗಿಸುವ ಇನ್ನೊಂದು ಕಿಣ್ವವೂ ಇದೆ. ಹುಳುಕು ಇದ್ದ 100 ಮಕ್ಕಳಲ್ಲಿ ಕೆಲವರಿಗೆ ಮೂರು ತಿಂಗಳು ಇದನ್ನು ಕೊಟ್ಟು ನೋಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಎಂ18 ತಿಂದ ಮಕ್ಕಳ ಹಲ್ಲಿನ ಮೇಲೆ ಪಾಚಿ ಕಡಿಮೆ ಕಟ್ಟಿತ್ತು.

ಆ ಪಾಚಿಯನ್ನು ನಮ್ಮ ಹುಡುಗರು ಲ್ಯಾಬಿನಲ್ಲಿ ನೋಡುತ್ತಾರೆ. ಸಿಲಬಸ್ಸಿನಲ್ಲಿ ಇಲ್ಲ, ನಾನೇ ಮಾಡಿಸುವುದು. ಹೊಸ ಟೂತ್‌ಪಿಕ್ಕಿನಲ್ಲಿ ತಮ್ಮ ಹಲ್ಲಿನ ಸಂದಿಯಿಂದ ಸ್ವಲ್ಪ ಕೆರೆದು, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಸವರಿ, ಒಣಗಿಸಿ, ಬೆಂಕಿಯ ಮೇಲೆ ಆಡಿಸಿ, ಬಣ್ಣ ಹಾಕುವುದು. 1683ರಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಕೊಳೆಯನ್ನು ತಾನೇ ಮಾಡಿದ ಮಸೂರದಲ್ಲಿ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ನಮ್ಮ ಮಕ್ಕಳೂ ಅದನ್ನೇ ನೋಡುತ್ತಾರೆ: ಚುಕ್ಕಿಗಳ ಸರ, ಕಡ್ಡಿಗಳು, ದಾರದಂಥವು. ಹೋದ ಸಲ ಒಬ್ಬ ಹುಡುಗಿ ಕಣ್ಣು ತೆಗೆಯದೆ ಹತ್ತು ನಿಮಿಷ ನೋಡಿ, “ಮ್ಯಾಮ್, ಇಷ್ಟೊಂದು ಜನ ಇದ್ದಾರಾ” ಅಂದಳು. ಜನ ಅಂದಳು. ನನಗೆ ಅದು ಬಹಳ ಇಷ್ಟವಾಯಿತು.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಹಾಗಾದರೆ ಮೊಸರು ತಿಂದರೆ ಸಾಲದಾ? ನಮ್ಮತ್ತೆಯೂ ಕೇಳಿದರು. ಮೊಸರು ಒಳ್ಳೆಯದೇ, ನಮ್ಮನೆಯಲ್ಲಿ ಅದಿಲ್ಲದೆ ಊಟ ಮುಗಿಯುವುದಿಲ್ಲ. ಆದರೆ ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಹಾಲೇ ಊರು. ನಾಲಿಗೆಯ ಮೇಲೆ ಮನೆ ಕಟ್ಟುವ ಅಭ್ಯಾಸ ಅವಕ್ಕಿಲ್ಲ, ಊಟದ ಜೊತೆ ಬಂದು ಹೊಟ್ಟೆಗೆ ಇಳಿದು ಹೋಗುತ್ತವೆ. ಬಾಯಿಯ ಸೀಟಿಗೆ ಬಾಯಿಯದ್ದೇ ಬ್ಯಾಕ್ಟೀರಿಯಾ ಬೇಕು. ಹಾಲಿನ ಮೂಲಕ ಮಾಡಿದ ಪ್ರಯತ್ನವೂ ಇದೆ. ಹೆಲ್ಸಿಂಕಿಯ ಶಿಶುವಿಹಾರಗಳಲ್ಲಿ 594 ಮಕ್ಕಳಿಗೆ ಏಳು ತಿಂಗಳು ಹಾಲು ಕೊಟ್ಟರು. ಕೆಲವರ ಹಾಲಿಗೆ ಲ್ಯಾಕ್ಟೊಬ್ಯಾಸಿಲಸ್ ಜಿಜಿ ಅನ್ನುವ ತಳಿ ಬೆರೆಸಿದ್ದರು. 2001ರಲ್ಲಿ ಫಲಿತಾಂಶ ಬಂತು. ಬೆರೆಸಿದ ಹಾಲು ಕುಡಿದ ಮಕ್ಕಳಲ್ಲಿ ಹುಳುಕು ಸ್ವಲ್ಪ ಕಡಿಮೆ, ಮೂರು ನಾಲ್ಕು ವರ್ಷದವರಲ್ಲಿ ಹೆಚ್ಚು ಸ್ಪಷ್ಟವಾಗಿ.

ಇದೇ ಫಿನ್‌ಲ್ಯಾಂಡಿನಿಂದ ಬೇಸರದ ಸುದ್ದಿಯೂ ಬಂದಿದೆ. ಅದನ್ನು ಮುಚ್ಚಿಟ್ಟರೆ ನಾನು ಟೀಚರ್ ಆಗಿದ್ದೂ ವ್ಯರ್ಥ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 800ಕ್ಕೂ ಹೆಚ್ಚು ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಆರು ತಿಂಗಳು ಕೆ12 ಕೊಟ್ಟು, ಕಿವಿಯ ಸೋಂಕು ಕಡಿಮೆಯಾಗುತ್ತದಾ ನೋಡಿದರು. ಆಗಲಿಲ್ಲ. ಕಿವಿ ಬೇರೆ, ಗಂಟಲು ಬೇರೆ ಅನ್ನಬಹುದು. ಆದರೂ ಈ ಮಾತ್ರೆಯಿಂದ ಎಲ್ಲ ವಾಸಿ ಅನ್ನುವ ಜಾಹೀರಾತುಗಳನ್ನು ನಂಬಬೇಡಿ.

ಪುಟ್ಟನಿಗೆ ಏನಾಯಿತು? ಹೋದ ಮಳೆಗಾಲದಲ್ಲಿ ಗಂಟಲು ನೋವು ಬಂದಿದ್ದು ಒಂದೇ ಸಲ. ಆಂಟಿಬಯೋಟಿಕ್ ಬೇಕಾಗಲಿಲ್ಲ. ಇದು ಕೆ12 ಮಹಿಮೆ ಅಂತ ನಾನು ಹೇಳುವುದಿಲ್ಲ. ಅವನು ಒಂದು ವರ್ಷ ದೊಡ್ಡವನಾದ, ಆ ವರ್ಷ ಮಳೆಯೂ ಬೇರೆ ಥರ ಬಂತು. ಒಂದು ಮಗು, ಒಂದು ಮಳೆಗಾಲ, ಅಷ್ಟೇ. ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಕೆ12 ಹೆಚ್ಚಿನವರ ಬಾಯಿಂದ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಮಳೆಗಾಲ ಪೂರ್ತಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಡುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ.

ನಾನು ತಿನ್ನುವುದಿಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕವಾಟ ಕೆಟ್ಟಿರುವವರಿಗೆ, ದೇಹದ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಸೇರಿದರೆ ಕಷ್ಟ. ಹಲ್ಲು ಕೀಳಿಸುವ ಮೊದಲು ನಾನು ಡೆಂಟಿಸ್ಟಿಗೆ ಕವಾಟದ ವಿಷಯ ಹೇಳಿಯೇ ಕುರ್ಚಿಯಲ್ಲಿ ಕೂರುವುದು. ಹೃದಯದ ಡಾಕ್ಟರನ್ನು ಕೇಳಿದಾಗ, ನಿಮಗೆ ಅಗತ್ಯವಿಲ್ಲ, ಬಿಡಿ ಅಂದರು. ಬಿಟ್ಟೆ. ನನ್ನ ಥರದವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೇಳದೆ ತಿನ್ನಬೇಡಿ. ಪೆನಿಸಿಲಿನ್ ನಡೆಯುತ್ತಿದ್ದರೆ ಒಂದು ದಿನವೂ ತಪ್ಪಿಸಬೇಡಿ.

ಅಪ್ಪನಿಗೆ ಈಗ 76. ಹೋದ ಜುಲೈಯಲ್ಲಿ ಊರಿಂದ ಬಂದಿದ್ದರು. ರಾತ್ರಿ ಪುಟ್ಟ ಅವರ ಪಕ್ಕ ಮಲಗಿ ಮಾತ್ರೆ ಚೀಪುತ್ತಿದ್ದ. “ಎಂತದೇ ಅದು, ಪೆಪ್ಪರ್‌ಮೆಂಟಾ?” ಅಂತ ಕೇಳಿದರು. ನಾನು ಪೂರ್ತಿ ಕಥೆ ಹೇಳಿದೆ. ಟ್ಯಾಗ್ ಅನ್ನುವ ಹುಡುಗ, ಅವನ ಜ್ವರ, ಅವನು ದೊಡ್ಡವನಾಗಿ ಹುಡುಕಿದ್ದು. ಅಪ್ಪ ಸುಮ್ಮನೆ ಕೇಳುತ್ತಿದ್ದರು.

“ಆ ಹುಡುಗನಿಗೂ 21 ದಿನಕ್ಕೊಂದು ಇಂಜೆಕ್ಷನ್ನಾ?”

“ಅವರು ಹೇಗೆ ತಗೊಂಡರೋ ಗೊತ್ತಿಲ್ಲಪ್ಪ. ಪೆನಿಸಿಲಿನ್ ಅಂತೂ ವರ್ಷಗಟ್ಟಲೆ ತಗೊಂಡಿದ್ದಾರೆ.”

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೇಳಿದರು, “ಅವನನ್ನು ಯಾರು ಕರ್ಕೊಂಡು ಹೋಗ್ತಿದ್ರೋ ಎಂತೋ.”

ಪುಟ್ಟ ನಿದ್ದೆ ಹೋಗಿದ್ದ. ಅಪ್ಪ ಹೆಗಲ ಮೇಲಿದ್ದ ಟವೆಲ್ ತೆಗೆದು ಅವನ ಕಾಲಿನ ಮೇಲೆ ಹೊದಿಸಿದರು.